ಸುತ್ತು ಎಣಿಸುವ ಲೆಕ್ಕ: ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಕೈಯಾರೆ ಪರೀಕ್ಷಿಸುವ ಬಗೆ

ಚಿತ್ರದುರ್ಗದ ಪಿನ್‌ಕೋಡ್ 577501. ಇದು ಅವಿಭಾಜ್ಯ ಸಂಖ್ಯೆ ಎಂದು ಒಂದು ಇಡೀ ಬ್ಯಾಚಿಗೆ ನಾನು ಹೇಳಿಬಿಟ್ಟಿದ್ದೆ. ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವ ನಾನು. ಅವತ್ತು ಬೋರ್ಡಿನ ಮೇಲೆ 2ರಿಂದ 97ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ, ಒಂದಕ್ಕೂ ಜಗ್ಗಲಿಲ್ಲವೆಂದು ಅಲ್ಲಿಗೇ ಸೀಮೆಸುಣ್ಣ ಕೆಳಗಿಟ್ಟೆ. ಮಾರನೇ ದಿನ ದುರ್ಗದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. "ಸರ್, ನಮ್ಮೂರ ಪಿನ್ ಒಡೀತು. 271 ಇಂಟು 2131."

ಗುಣಿಸಿ ನೋಡಿದೆ, ಸರಿಯಾಗಿತ್ತು. ತಪ್ಪು ನನ್ನದೇ. 577501ರ ವರ್ಗಮೂಲ ಸುಮಾರು 759.9. ಅಲ್ಲಿಯವರೆಗೂ ಹೋಗಬೇಕಿತ್ತು, ನಾನು ನೂರಕ್ಕೇ ನಿಂತಿದ್ದೆ. ಬೇಸರವಾದದ್ದು ತಪ್ಪಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ: ಮಕ್ಕಳಿಗೆ ಭಾಗಾಕಾರ ಬಿಟ್ಟು ಬೇರೆ ದಾರಿ ಇದೆ ಎನ್ನುವುದನ್ನೇ ನಾನು ತೋರಿಸಿರಲಿಲ್ಲ. ಆ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಪಿನ್‌ಕೋಡುಗಳಿಂದ ಹೊರಟು 2147483647 ಎಂಬ ಹತ್ತಂಕಿಯ ಅವಿಭಾಜ್ಯದವರೆಗೆ ಹೋಗೋಣ. ಕೊನೆಯವರೆಗೂ ಕೈಹಿಡಿಯುವ ವಿಚಾರ ಒಂದೇ: ಘಾತಗಳ ಶೇಷ ಎಷ್ಟು ಹೆಜ್ಜೆಗೆ ಒಂದು ಸುತ್ತು ಮುಗಿಸಿ 1ಕ್ಕೆ ಮರಳುತ್ತದೆ ಎನ್ನುವುದು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ನೂರು ಪುಟದ ನೋಟ್‌ಬುಕ್, ಅಂಗಡಿಗಳಲ್ಲಿ ಇಟ್ಟುಕೊಳ್ಳುವಂಥ 12 ಅಂಕಿಯ ಕ್ಯಾಲ್ಕುಲೇಟರ್, ಪೆನ್ಸಿಲ್. ಮೊಬೈಲಿನ ಕ್ಯಾಲ್ಕುಲೇಟರ್ ಆದರೂ ಆಗುತ್ತದೆ. ಆದರೆ ಅಂಕಿಗಳು ಹದಿನೈದು ದಾಟಿದ ಮೇಲೆ ಕೆಲವು ಆ್ಯಪ್‌ಗಳು ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತವೆ. ನಮಗೆ ಕೊನೆಯ ಅಂಕಿಯೇ ಮುಖ್ಯ.

ಮೊದಲ ಹೆಜ್ಜೆ: ಚಿಕ್ಕ ಅಪವರ್ತನಗಳನ್ನು ಬೇಗ ಜರಡಿ ಹಿಡಿಯಿರಿ

2, 3, 5 ಎಲ್ಲರಿಗೂ ಗೊತ್ತು. 7, 11, 13 ಮೂರನ್ನೂ ಒಟ್ಟಿಗೇ ನೋಡಬಹುದು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿಯಾಗಿ ತುಂಡರಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ. ಬಂದದ್ದು ಈ ಮೂರರಲ್ಲಿ ಯಾವುದರಿಂದ ಭಾಗವಾದರೆ ಮೂಲ ಸಂಖ್ಯೆಯೂ ಅದರಿಂದಲೇ ಭಾಗವಾಗುತ್ತದೆ. ದುರ್ಗದ 577501ಕ್ಕೆ 577 − 501 = 76. ಇದು 7ಕ್ಕೂ ಸಿಗದು, 11ಕ್ಕೂ ಸಿಗದು, 13ಕ್ಕೂ ಸಿಗದು.

41 ಮತ್ತು 271ಕ್ಕೆ ಇದರ ಅಣ್ಣನಂಥ ಉಪಾಯವಿದೆ. 99999 = 9 × 41 × 271. ಆದ್ದರಿಂದ ಐದು ಐದು ಅಂಕಿಯಾಗಿ ತುಂಡರಿಸಿ ಕೂಡಿದರೆ ಸಾಕು. 577501ನ್ನು 5 ಮತ್ತು 77501 ಎಂದು ಒಡೆದು ಕೂಡಿದರೆ 77506. ಅದು 271 × 286. ಓಬವ್ವನ ಕಿಂಡಿ ಕೋಟೆಯೊಳಗಿನವರಿಗೆ ಗೊತ್ತಿತ್ತು, ಹೊರಗಿನಿಂದ ನೋಡುವವರಿಗೆ ಬರೀ ಬಂಡೆ. 271 ಈ ಸಂಖ್ಯೆಯಲ್ಲಿ ಹಾಗೇ ಅಡಗಿ ಕೂತಿತ್ತು, ಐದಂಕಿಯ ಉಪಾಯ ಗೊತ್ತಿದ್ದರೆ ಒಂದೇ ಸಾಲಿನಲ್ಲಿ ಕಾಣುತ್ತಿತ್ತು.

ದಾವಣಗೆರೆಯ 577001 ಇಷ್ಟು ಕಾಡಿಸುವುದಿಲ್ಲ. 575000 + 2001 ಎಂದು ಬರೆದುಕೊಂಡರೆ ಎರಡೂ ತುಂಡು 23ರ ಗುಣಕ. 577001 = 23 × 25087. ಆ 25087 ಅವಿಭಾಜ್ಯ. ಅದನ್ನು 157ರವರೆಗೆ ಭಾಗಿಸಿ ನೋಡುವುದು ಹೊಸಬರಿಗೆ ಒಳ್ಳೆಯ ಕೈಪಳಗಿಸುವ ಕೆಲಸ.

ಎರಡನೇ ಹೆಜ್ಜೆ: ಸುತ್ತು ಎಂದರೇನು, 577ರ ಮೇಲೆ ಅಭ್ಯಾಸ

ದಾವಣಗೆರೆ, ದುರ್ಗ, ಶಿವಮೊಗ್ಗ ಮೂರಕ್ಕೂ ಪಿನ್ ಶುರುವಾಗುವುದು 577ರಿಂದ. 577 ತಾನೇ ಅವಿಭಾಜ್ಯ. (ಶುಲ್ಬಸೂತ್ರಗಳಲ್ಲಿ ಎರಡರ ವರ್ಗಮೂಲಕ್ಕೆ ಕೊಟ್ಟಿರುವ 1 + 1/3 + 1/12 − 1/408 ಎಂಬ ಲೆಕ್ಕವನ್ನು ಕೂಡಿಸಿದರೆ ಬರುವುದು 577/408. 577ರ ವರ್ಗ 408ರ ವರ್ಗದ ಎರಡರಷ್ಟಕ್ಕಿಂತ ಒಂದೇ ಒಂದು ಹೆಚ್ಚು. ದಿನಾ ಲಕೋಟೆಯ ಮೇಲೆ ಬರೆಯುವ ಅಂಕಿಗೆ ಇಂಥ ನಂಟಿದೆ ಎಂದು ತಿಳಿದ ದಿನ ನನಗೆ ಹಿಡಿಸಲಾರದ ಸಂತೋಷವಾಯಿತು.)

1ನ್ನು 577ರಿಂದ ಭಾಗಿಸುತ್ತ ಹೋಗಿ: 0.001733... ಪ್ರತಿ ಹೆಜ್ಜೆಗೂ ಒಂದು ಶೇಷ ಉಳಿಯುತ್ತದೆ. ಆ ಶೇಷಗಳು 10, 100, 1000 ಇತ್ಯಾದಿ ಘಾತಗಳನ್ನು 577ರಿಂದ ಭಾಗಿಸಿದಾಗ ಬರುವ ಶೇಷಗಳೇ. ಯಾವ ಹೆಜ್ಜೆಗೆ ಶೇಷ ಮತ್ತೆ 1 ಆಗುತ್ತದೋ ಅಲ್ಲಿಂದ ದಶಮಾಂಶ ಮೊದಲಿನಂತೆಯೇ ಮರುಕಳಿಸುತ್ತದೆ. ಅದೇ 10ರ ಸುತ್ತು.

ಸುತ್ತು ಎಷ್ಟು ಉದ್ದ ಎಂದು ತಿಳಿಯಲು ನೂರಾರು ಸಲ ಭಾಗಿಸಬೇಕಿಲ್ಲ. 1640ರಲ್ಲಿ ಫರ್ಮಾ ಹೇಳಿದ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಕ ಎನ್ನುವುದು ಅವಿಭಾಜ್ಯವಾದರೆ, ಅದರಿಂದ ಭಾಗವಾಗದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಅದರ (ಕ − 1)ನೇ ಘಾತದ ಶೇಷ 1. ಅಂದಮೇಲೆ ಸುತ್ತಿನ ಉದ್ದ ಕ − 1ನ್ನು ಸರಿಯಾಗಿ ಭಾಗಿಸಲೇಬೇಕು. ನಮ್ಮ ಲೆಕ್ಕದಲ್ಲಿ ಅದು 576ನ್ನು ಭಾಗಿಸಬೇಕು.

576ರೊಳಗಿನ ಅವಿಭಾಜ್ಯಗಳು 2 ಮತ್ತು 3 ಮಾತ್ರ. ಸುತ್ತು 576ಕ್ಕಿಂತ ಚಿಕ್ಕದಾಗಿದ್ದರೆ ಅದು 288ನ್ನೋ 192ನ್ನೋ ಭಾಗಿಸುತ್ತಿತ್ತು, ಆ ಹೆಜ್ಜೆಯಲ್ಲಿ ಶೇಷ 1 ಬರುತ್ತಿತ್ತು. ನೋಡೋಣ. ಆರನೇ ಹೆಜ್ಜೆಯ ಶೇಷ 59. ಅದನ್ನು ವರ್ಗ ಮಾಡಿದರೆ 3481, ಶೇಷ 19. ಇದು 12ನೇ ಹೆಜ್ಜೆಯದು. ಮತ್ತೆ ವರ್ಗ: 361, ಇದು 24ನೆಯದು. ಮತ್ತೆ ವರ್ಗ: 496, ಇದು 48ನೆಯದು. ಮತ್ತೆ: 214, 96ನೆಯದು. ಮತ್ತೆ: 213, 192ನೆಯದು. 192ಕ್ಕೆ 96 ಸೇರಿಸಿದರೆ 288, ಆದ್ದರಿಂದ 213 × 214 = 45582, ಶೇಷ 576. ಎರಡೂ ಕಡೆ 1 ಬರಲಿಲ್ಲ. ಹಾಗಾಗಿ ಸುತ್ತು ಪೂರ್ತಿ 576. ಐದು ವರ್ಗ, ಒಂದು ಗುಣಾಕಾರ, ಅಷ್ಟೇ ಕೆಲಸ. ವರ್ಗ ಮಾಡುತ್ತ ಹೆಜ್ಜೆ ಇಮ್ಮಡಿಸುವ ಈ ಕ್ರಮವನ್ನು ಕೈಗೆ ಹತ್ತಿಸಿಕೊಳ್ಳಿ, ಮುಂದೆ ಎಲ್ಲ ಕಡೆ ಬೇಕು.

ಮೂರನೇ ಹೆಜ್ಜೆ: ಹರಿಹರದ 577601

ದುರ್ಗದ ಹುಡುಗಿ ನನ್ನ ಲೆಕ್ಕ ಒಡೆದ ವಾರವೇ ಹರಿಹರದ ಹುಡುಗನೊಬ್ಬ ತನ್ನೂರಿನ ಪಿನ್ ಹಿಡಿದು ಕೂತ. 757ರವರೆಗೆ 134 ಅವಿಭಾಜ್ಯಗಳಿವೆ. ಎರಡು ಸಂಜೆ ಕೂತು ಎಲ್ಲವನ್ನೂ ಭಾಗಿಸಿದ. "ಒಡಿಯಲ್ಲ ಸರ್, ಎಲ್ಲಾ ನೋಡೀನಿ" ಅಂದ. ಅವನು ಹೇಳಿದ್ದು ನಿಜ, 577601 ಅವಿಭಾಜ್ಯ. ಆದರೆ ಅವನ ಅರ್ಧಕ್ಕಿಂತ ಹೆಚ್ಚು ಶ್ರಮ ಉಳಿಸಬಹುದಿತ್ತು.

ಭಾಗಿಸುವ ಮುಂಚೆ ಸಂಖ್ಯೆಯ ಮುಖ ನೋಡಬೇಕು. 577600 ಎಂದರೆ 760ರ ವರ್ಗ. ಹಾಗಾಗಿ 577601 = 760² + 1. ಇದಕ್ಕೆ ಕ ಎಂಬ ಅವಿಭಾಜ್ಯ ಅಪವರ್ತನವಿದೆ ಎಂದು ಇಟ್ಟುಕೊಳ್ಳಿ. ಆಗ 760ರ ವರ್ಗವನ್ನು ಕ ಯಿಂದ ಭಾಗಿಸಿದರೆ ಶೇಷ −1 ಎಂದಾಯಿತು. ಅದನ್ನು ಮತ್ತೆ ವರ್ಗ ಮಾಡಿದರೆ ಶೇಷ 1. ಅಂದರೆ 760 ನಾಲ್ಕೇ ಹೆಜ್ಜೆಗೆ ಸುತ್ತು ಮುಗಿಸುತ್ತದೆ, ಅದಕ್ಕಿಂತ ಮುಂಚೆ ಅಲ್ಲ. ಸುತ್ತು ಕ − 1ನ್ನು ಭಾಗಿಸಲೇಬೇಕೆಂದು ಈಗಷ್ಟೇ ನೋಡಿದೆವು. ಹಾಗಾದರೆ ಕ − 1 ನಾಲ್ಕರಿಂದ ಭಾಗವಾಗಬೇಕು. 3, 7, 11, 19, 23ರಂಥ, ನಾಲ್ಕರಿಂದ ಭಾಗಿಸಿದರೆ 3 ಉಳಿಸುವ ಅವಿಭಾಜ್ಯಗಳನ್ನೆಲ್ಲ ಮುಟ್ಟುವುದೇ ಬೇಡ. ಸಂಖ್ಯೆ ಬೆಸ ಆದ್ದರಿಂದ 2 ಕೂಡ ಬೇಡ. ಉಳಿಯುವುದು 5, 13, 17, 29, 37, 41 ಹೀಗೆ 757ರವರೆಗೆ 63.

ಆ ಅರವತ್ತಮೂರರಲ್ಲೂ ಆರಂಕಿಯ ಭಾಗಾಕಾರ ಬೇಡ. 760ನ್ನು ಕ ಯಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ, ಅದನ್ನು ವರ್ಗ ಮಾಡಿ, 1 ಕೂಡಿ, ಅದು ಕ ಯಿಂದ ಭಾಗವಾಗುತ್ತದೆಯೇ ನೋಡಿ. ಉದಾಹರಣೆಗೆ 109: ಏಳು ಸಲ ಹೋದರೆ 763, ಮೂರು ಹೆಚ್ಚಾಯಿತು. ಮೂರರ ವರ್ಗ 9, ಒಂದು ಕೂಡಿದರೆ 10. ಇಲ್ಲ. 149: 745 ಹೋಗಿ 15 ಉಳಿಯಿತು, ವರ್ಗ 225, ಒಂದು ಕೂಡಿ 226, ಶೇಷ 77. ಇಲ್ಲ. 757: ಮೂರು ಉಳಿಯಿತು, ಮತ್ತೆ 10, ಇಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ.

ಈಗ ಈ ಸಂಖ್ಯೆಯ ಗುಣಗಳನ್ನು ನೋಡಿ. ನಾಲ್ಕರಿಂದ ಭಾಗಿಸಿದರೆ 1 ಉಳಿಸುವ ಯಾವ ಅವಿಭಾಜ್ಯವನ್ನಾದರೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 577 = 24² + 1². 577601 = 760² + 1². ಬೇರೆ ಯಾವ ಜೋಡಿಯನ್ನು ಹುಡುಕಿದರೂ ಸಿಗುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ −1ರ ವರ್ಗಮೂಲವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಇದು (760 + √−1) × (760 − √−1) ಎಂದು ಎರಡಾಗುತ್ತದೆ. ಸಾಮಾನ್ಯ ಸಂಖ್ಯೆಗಳಲ್ಲಿ ಒಂದೇ ಆಗಿ ನಿಂತದ್ದು ದೊಡ್ಡ ಲೋಕದಲ್ಲಿ ಎಡ ಬಲ ಎರಡು ರೂಪ ತಾಳುತ್ತದೆ. ಹರಿಹರೇಶ್ವರನ ಮೂರ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಊರಿಗೇ ಈ ಸಂಖ್ಯೆ ಬಂದದ್ದು ಕಾಕತಾಳೀಯವೇ, ಆದರೂ ನನಗೆ ಬಹಳ ಪ್ರಿಯವಾದ ಕಾಕತಾಳೀಯ.

1/577601ರ ದಶಮಾಂಶ ಸುತ್ತು? ಪೂರ್ತಿ 577600 ಆಗಲಾರದು. ಈ ಸಂಖ್ಯೆ ಎಂಟರಿಂದಲೂ ಐದರಿಂದಲೂ ಭಾಗಿಸಿದಾಗ 1 ಉಳಿಸುತ್ತದೆ. ಆದ್ದರಿಂದ ಇದರ ಶೇಷಗಳ ಲೆಕ್ಕದಲ್ಲಿ 2 ಮತ್ತು 5 ಎರಡೂ ಯಾವುದೋ ಸಂಖ್ಯೆಗಳ ವರ್ಗಗಳು, ಅವುಗಳ ಗುಣಲಬ್ಧ 10 ಕೂಡ ವರ್ಗ. ವರ್ಗವಾದದ್ದು ಅರ್ಧ ದಾರಿಯಲ್ಲೇ 1ಕ್ಕೆ ಮರಳುತ್ತದೆ. ಸುತ್ತು 288800ನ್ನು ಮೀರಲಾರದು.

ನಾಲ್ಕನೇ ಹೆಜ್ಜೆ: ಹತ್ತಂಕಿಗೆ ಏರುವುದು

ಈಗ 2147483647. ಇದು 2³¹ − 1. ದ್ವಿಮಾನದಲ್ಲಿ ಬರೆದರೆ ಮೂವತ್ತೊಂದು ಒಂದುಗಳ ಸಾಲು. 2ರ ಘಾತದಿಂದ ಒಂದು ಕಳೆದ ಇಂಥ ಅವಿಭಾಜ್ಯಗಳಿಗೆ ಫ್ರಾನ್ಸಿನ ಪಾದ್ರಿ ಮರ್ಸೆನ್ ಹೆಸರಿದೆ. ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯವಾಗುವುದಿಲ್ಲ: 2¹¹ − 1 = 2047 = 23 × 89, ಹಾಗೆಯೇ 2²⁹ − 1 = 233 × 1103 × 2089. ಪ್ರತಿಯೊಂದನ್ನೂ ಪರೀಕ್ಷಿಸಲೇಬೇಕು.

ಜರಡಿ ಮೊದಲು: 647 − 483 + 147 − 2 = 309, ಹಾಗಾಗಿ 7, 11, 13 ಹೋದವು. ಐದಂಕಿ ಉಪಾಯ: 21474 + 83647 = 105121, ಮತ್ತೆ 1 + 5121 = 5122. 41ಕ್ಕೂ 271ಕ್ಕೂ ಸಿಗದು. ಆದರೆ ಇದರ ವರ್ಗಮೂಲ 46340 ದಾಟುತ್ತದೆ, ಅಷ್ಟರೊಳಗೆ 4792 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಮಾಡಲು ಯಾರಿಗೂ ಹೇಳಲಾರೆ.

ಸುತ್ತು ಎಣಿಸಿ. ಕ ಇದರ ಅವಿಭಾಜ್ಯ ಅಪವರ್ತನವಾಗಿದ್ದರೆ 2ರ 31ನೇ ಘಾತದ ಶೇಷ 1. 31 ಅವಿಭಾಜ್ಯ ಆದ್ದರಿಂದ 2ರ ಸುತ್ತು ಸರಿಯಾಗಿ 31, ಕಡಿಮೆಯಾಗಲು ಅವಕಾಶವೇ ಇಲ್ಲ. ಹಾಗಾದರೆ ಕ − 1 ಎನ್ನುವುದು 31ರ ಗುಣಕ. ಕ ಬೆಸ, ಆದ್ದರಿಂದ 62ರ ಗುಣಕ. ಇನ್ನೊಂದು ಸುಳಿವೂ ಇದೆ: 2³¹ರ ಶೇಷ 1 ಎಂದರೆ 2³²ರ ಶೇಷ 2, ಅಂದರೆ 2 ಎನ್ನುವುದು 2¹⁶ರ ವರ್ಗ. 2 ವರ್ಗವಾಗುವುದು ಎಂಟರಿಂದ ಭಾಗಿಸಿದಾಗ 1 ಅಥವಾ 7 ಉಳಿಸುವ ಅವಿಭಾಜ್ಯಗಳಲ್ಲಿ ಮಾತ್ರ. ಎರಡೂ ಷರತ್ತು ಸೇರಿಸಿದರೆ ಕ ಯನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಇರಲೇಬೇಕು.

46340ರೊಳಗೆ ಅಂಥ ಸಂಖ್ಯೆಗಳು ಒಟ್ಟು 373. ಅದರಲ್ಲೂ ಹೆಚ್ಚಿನವು ತಾವೇ ಒಡೆಯುತ್ತವೆ. 63, 249, 497, 559, 745 ಎಲ್ಲ ಬಿಟ್ಟುಬಿಡಬಹುದು. ಮೊದಲು ನಿಲ್ಲುವುದು 311: ಭಾಗಿಸಿದರೆ ಶೇಷ 35. ಆಮೇಲೆ 1303: ಶೇಷ 226. ಆಮೇಲೆ 1489: ಶೇಷ 199. ಹೀಗೇ ಮುಂದುವರಿಸಿದರೆ ಒಂದೂ ಸರಿಯಾಗಿ ಭಾಗಿಸುವುದಿಲ್ಲ. ಆಯ್ಲರ್ ಮಾಡಿದ್ದು ಇದನ್ನೇ. ಬರ್ನೂಲಿಗೆ ಬರೆದ ಅವರ ಪತ್ರ 1772ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಫರ್ಮಾ ನಿಯಮವನ್ನು ತಿರುಗಿಸಿ, "2ರ ಘಾತದ ಶೇಷ 1 ಬಂತು, ಆದ್ದರಿಂದ ಅವಿಭಾಜ್ಯ" ಎಂದು ಹೇಳಬೇಡಿ. 2047ರಲ್ಲಿ 2ರ ಸುತ್ತು 11. 2046 = 11 × 186. ಹಾಗಾಗಿ 2ರ 2046ನೇ ಘಾತದ ಶೇಷ 1 ಬಂದೇ ಬರುತ್ತದೆ, ಸಂಖ್ಯೆ ಮಾತ್ರ 23ಕ್ಕೆ ಒಡೆಯುತ್ತದೆ. ಮರ್ಸೆನ್ ರೂಪದ ಸಂಖ್ಯೆಗಳಲ್ಲಿ ಘಾತಾಂಕ ಅವಿಭಾಜ್ಯವಾಗಿದ್ದರೆ 2 ಎಂದೂ ಹೌದೆಂದೇ ಹೇಳುತ್ತದೆ. ಅದರ ಸಾಕ್ಷಿ ಇಲ್ಲಿ ನಡೆಯದು.

ಐದನೇ ಹೆಜ್ಜೆ: ಭಾಗಿಸದೆ ತೀರ್ಮಾನಿಸುವುದು

ಎಡ್ವರ್ಡ್ ಲ್ಯೂಕಾ 1870ರ ದಶಕದಲ್ಲಿ ಕಂಡುಕೊಂಡು, ಲೆಹ್ಮರ್ 1930ರ ಸುಮಾರಿಗೆ ಸರಳ ಮಾಡಿದ ಪರೀಕ್ಷೆ ಇದು. ಸಾಬೀತು ಉದ್ದವಿದೆ, ಮಾಡುವ ಕ್ರಮ ಮಾತ್ರ ಮಗ್ಗಿಯಷ್ಟೇ ಸುಲಭ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಇದನ್ನು ಮಾಡಿ. ಕೊನೆಗೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

ಮೊದಲು 2⁷ − 1 = 127ರ ಮೇಲೆ ಮಾಡಿ. ಐದು ಹೆಜ್ಜೆ: 4, 14, 67, 42, 111, 0. ಅವಿಭಾಜ್ಯ. 2047ಕ್ಕೆ ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ಸೊನ್ನೆ ಇಲ್ಲ, ಒಡೆಯುವ ಸಂಖ್ಯೆ. ಇವೆರಡೂ ತಪ್ಪಿಲ್ಲದೆ ಬಂದ ಮೇಲೆಯೇ ದೊಡ್ಡದಕ್ಕೆ ಕೈಹಾಕಿ.

2147483647ಕ್ಕೆ 29 ಹೆಜ್ಜೆ. ಮೊದಲ ನಾಲ್ಕರಲ್ಲಿ ಭಾಗಿಸುವ ಪ್ರಶ್ನೆಯೇ ಇಲ್ಲ: 14, 194, 37634, 1416317954. ಐದನೆಯದರಿಂದ ಕೆಲಸ ಜೋರಾಗುತ್ತದೆ, ಅದನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

1416317954ನ್ನು ವರ್ಗ ಮಾಡುವ ಮುಂಚೆ 2147483647ರಿಂದ ಕಳೆಯಿರಿ: 731165693. ವರ್ಗಕ್ಕೆ ಧನ ಋಣದ ಭೇದವಿಲ್ಲ, ಚಿಕ್ಕದನ್ನೇ ವರ್ಗ ಮಾಡಿದರೆ ಆಯಿತು. ಕ್ಯಾಲ್ಕುಲೇಟರ್ ಹಿಡಿಸುವಂತೆ ಅದನ್ನು 731000000 + 165693 ಎಂದು ಒಡೆದುಕೊಳ್ಳಿ.

731000000ರ ವರ್ಗ: 534361000000000000
ಎರಡರ ಗುಣಲಬ್ಧದ ಇಮ್ಮಡಿ: 242243166000000
165693ರ ವರ್ಗ: 27454170249
ಮೊತ್ತ: 534603270620170249

ಇಲ್ಲಿ ನಿಂತು ಅಂಕಿಗಳನ್ನು ಕೂಡಿ 9ರ ಶೇಷ ನೋಡಿ. 731165693ರ ಅಂಕಿಗಳ ಮೊತ್ತ 41, ಶೇಷ 5. ಅದರ ವರ್ಗ 25, ಶೇಷ 7. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 61, ಶೇಷ 7. ಹೊಂದಿತು. ಈ ತಾಳೆ ನೋಡುವುದನ್ನು ಒಂದೇ ಒಂದು ಹೆಜ್ಜೆಯಲ್ಲೂ ಬಿಡಬೇಡಿ. ಹತ್ತನೇ ಹೆಜ್ಜೆಯಲ್ಲಿ ತಪ್ಪಿದರೆ ಉಳಿದ ಹತ್ತೊಂಬತ್ತೂ ನೀರಿಗೆ ಹಾಕಿದಂತೆ.

2 ಕಳೆಯಿರಿ: 534603270620170247. ಈಗ ಶೇಷ ತೆಗೆಯುವ ಸುಲಭ ದಾರಿ. 2147483648, ಅಂದರೆ 2³¹, ನಮ್ಮ ಸಂಖ್ಯೆಗಿಂತ ಒಂದೇ ಹೆಚ್ಚು. ಹಾಗಾಗಿ ಅದರ ಪ್ರತಿ ಗಂಟಿಗೂ ಒಂದೊಂದು ಉಳಿಯುತ್ತದೆ. 2147483648ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಬಿಡಿ. ಭಾಗಲಬ್ಧ 248944047, ಶೇಷ 420726791, ಮೊತ್ತ 669670838. ಇದೇ ಐದನೇ ಪದ. ಬಟ್ಟೆ ಮಡಚಿದ ಹಾಗೆ, ಹದಿನೆಂಟು ಅಂಕಿ ಒಂಬತ್ತಕ್ಕೆ ಮಡಚಿಕೊಂಡಿತು. ಮೊತ್ತ 2147483647 ಮೀರಿದರೆ ಅದನ್ನು ಒಮ್ಮೆ ಕಳೆಯಿರಿ.

ದಿನಕ್ಕೆ ಎರಡು ಮೂರು ಹೆಜ್ಜೆಯಂತೆ, ಟ್ಯೂಷನ್ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು, ನಾವು ಮೂವರೂ ಕೂತು ಎರಡು ವಾರದಲ್ಲಿ ಇದನ್ನು ಮುಗಿಸಿದೆವು. ಕೈಕಂಬದ ಹಾಗೆ ದಾರಿಯಲ್ಲಿ ಕೆಲವು ಪದ ಕೊಡುತ್ತೇನೆ: ಆರನೆಯದು 1937259419, ಒಂಬತ್ತನೆಯದು 12692426, ಇಪ್ಪತ್ತೆರಡನೆಯದು 27220594, ಇಪ್ಪತ್ತೇಳನೆಯದು 1181536708. ಇದರ ಮುಂದಿನದನ್ನು ಹುಡುಗಿ ಮಾಡಿದಳು. ಒರಟು ಒರಟಾದ ಹತ್ತಂಕಿಗಳ ಮಧ್ಯೆ ಒಮ್ಮೆಲೇ 65536 ಬಂತು. "ಸರ್, ಇದು ಎರಡರ ಹದಿನಾರನೇ ಘಾತ ಅಲ್ವಾ?" ಹೌದು. ಅದರ ವರ್ಗ 2³², ಮಡಚಿದರೆ 2, ಎರಡು ಕಳೆದರೆ ಸೊನ್ನೆ. ಇಪ್ಪತ್ತೊಂಬತ್ತನೇ ಹೆಜ್ಜೆ ಬರೆಯುವ ಮುಂಚೆಯೇ ಮೂವರಿಗೂ ಉತ್ತರ ಕಂಡಿತ್ತು.

ಆರನೇ ಹೆಜ್ಜೆ: ಈ ಸಂಖ್ಯೆಯ ಗುಣಗಳನ್ನು ಓದುವುದು

ಅವಿಭಾಜ್ಯ ಎಂದು ಖಚಿತವಾದ ಮೇಲೆ ಅದರ ಹಿಂದಿನ ಸಂಖ್ಯೆಯನ್ನು ಒಡೆಯಿರಿ. ಗುಣಗಳೆಲ್ಲ ಅಲ್ಲಿವೆ. 2147483646 = 2 × (2³⁰ − 1). ಶಾಲೆಯ ಅ² − ಬ² ಸೂತ್ರ ಹಚ್ಚಿದರೆ 2³⁰ − 1 = 32767 × 32769. ಮೊದಲನೆಯದು 7 × 31 × 151, ಎರಡನೆಯದು 9 × 11 × 331. ಒಟ್ಟು 2 × 3² × 7 × 11 × 31 × 151 × 331. ಬೇರೆ ಬೇರೆ ಅವಿಭಾಜ್ಯಗಳು ಏಳು.

ಈ ಸಂಖ್ಯೆಯ ಶೇಷಗಳಲ್ಲಿ 2ರ ಸುತ್ತು ಬರೀ 31. ಇನ್ನೂರು ಕೋಟಿಗೂ ಮಿಕ್ಕಿದ ಶೇಷಗಳಿದ್ದರೂ 2 ಮೂವತ್ತೊಂದು ಮನೆ ನೋಡಿ ವಾಪಸ್ಸಾಗುತ್ತದೆ. 7 ಹಾಗಲ್ಲ. 7ರ ಘಾತಗಳು ಒಂದನ್ನೂ ಬಿಡದೆ ಎಲ್ಲ 2147483646 ಶೇಷಗಳನ್ನೂ ಮುಟ್ಟಿಯೇ 1ಕ್ಕೆ ಮರಳುತ್ತವೆ. ಈ ಗುಣವಿರುವ ಅತಿ ಚಿಕ್ಕ ಸಂಖ್ಯೆಯೇ 7. ಪರೀಕ್ಷಿಸುವ ಕ್ರಮ 577ರಲ್ಲಿ ಕಲಿತದ್ದೇ: ಅಲ್ಲಿ ಎರಡು ಕಡೆ ನೋಡಿದೆವು, ಇಲ್ಲಿ ಮೇಲಿನ ಏಳು ಅವಿಭಾಜ್ಯಗಳಿಂದ ಒಂದೊಂದಾಗಿ 2147483646ನ್ನು ಭಾಗಿಸಿ, ಆ ಏಳು ಹೆಜ್ಜೆಗಳಲ್ಲೂ ಶೇಷ 1 ಅಲ್ಲವೆಂದು ತೋರಿಸಬೇಕು. ಏಳು ಸುತ್ತಿನ ಕೋಟೆಯ ಊರಿನ ಹುಡುಗಿಗೆ ಈ ಏಳು ಬಾಗಿಲುಗಳನ್ನು ದಾಟಿಸುವ ಕೆಲಸ ಕೊಟ್ಟೆ. ಒಂದೊಂದಕ್ಕೂ ಮೂವತ್ತರ ಆಸುಪಾಸು ವರ್ಗ ಮಾಡಬೇಕಾಗುತ್ತದೆ, ಮಡಚುವ ಉಪಾಯ ಮಾತ್ರ ಅದೇ.

ಈ ಪೂರ್ತಿ ಸುತ್ತಿನಿಂದ ಕಂಪ್ಯೂಟರಿನವರು ಕೆಲಸ ತೆಗೆದುಕೊಂಡಿದ್ದಾರೆ. 7ರ ಐದನೇ ಘಾತ 16807. ಏಳರ ಪಟ್ಟಿಯಲ್ಲಿ 5 ಇಲ್ಲದ್ದರಿಂದ 16807 ಕೂಡ ಪೂರ್ತಿ ಸುತ್ತುತ್ತದೆ. 1ರಿಂದ ಶುರು ಮಾಡಿ ಪ್ರತಿ ಸಲ 16807ರಿಂದ ಗುಣಿಸಿ ಶೇಷ ತೆಗೆದರೆ 16807, 282475249, 1622650073, 984943658 ಎಂದು ಗೊತ್ತುಗುರಿ ಇಲ್ಲದಂತೆ ಕಾಣುವ ಅಂಕಿಗಳು ಹುಟ್ಟುತ್ತವೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಯಾದೃಚ್ಛಿಕ ಸಂಖ್ಯೆಗಳಿಗೆ ಕನಿಷ್ಠ ಮಾನದಂಡವೆಂದು ಮುಂದಿಟ್ಟರು. ಪ್ರೋಗ್ರಾಮ್ ಬರೆಯಬಲ್ಲವರು ತಾಳೆ ನೋಡಲು: ಹತ್ತು ಸಾವಿರದ ಹೆಜ್ಜೆಯಲ್ಲಿ 1043618065 ಬರಬೇಕು.

ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಲು ಆಗುವುದಿಲ್ಲ. ನಾಲ್ಕರಿಂದ ಭಾಗಿಸಿದರೆ 3 ಉಳಿಯುತ್ತದೆ. ಸಮಸಂಖ್ಯೆಯ ವರ್ಗ 0 ಉಳಿಸುತ್ತದೆ, ಬೆಸದ ವರ್ಗ 1 ಉಳಿಸುತ್ತದೆ, ಎರಡು ಸೇರಿ 3 ಆಗುವ ದಾರಿಯೇ ಇಲ್ಲ. ಹರಿಹರದ ಸಂಖ್ಯೆಯಂತೆ −1ರ ವರ್ಗಮೂಲ ತಂದರೂ ಇದು ಎರಡಾಗದು.

ಪರಿಪೂರ್ಣ ಸಂಖ್ಯೆಯೊಂದನ್ನೂ ಇದು ಹೆತ್ತಿದೆ. 2³⁰ರಿಂದ ಗುಣಿಸಿದರೆ 2305843008139952128. ಇದರ ಎಲ್ಲ ಭಾಜಕಗಳನ್ನು, ತನ್ನನ್ನು ಬಿಟ್ಟು, ಕೂಡಿದರೆ ಇದೇ ಬರುತ್ತದೆ. 6, 28, 496ರ ವಂಶದಲ್ಲಿ ಎಂಟನೆಯದು.

ಹಳೆಯ ಕಂಪ್ಯೂಟರುಗಳು ಸೆಕೆಂಡುಗಳನ್ನು 1970ರ ಜನವರಿ 1ರಿಂದ ಎಣಿಸುತ್ತ 31 ದ್ವಿಮಾನ ಮನೆಗಳಲ್ಲಿ ಇಡುತ್ತವೆ. ಆ ಮನೆಗಳು ತುಂಬುವ ಸಂಖ್ಯೆ ಇದೇ ಆದ್ದರಿಂದ, ನಮ್ಮ ಗಡಿಯಾರದ ಪ್ರಕಾರ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ಮುಗಿಯುತ್ತದೆ. ಅದರ ಮುಂದಿನ ಸೆಕೆಂಡಿಗೆ ಅವುಗಳಲ್ಲಿ ಜಾಗವಿಲ್ಲ.

ಇನ್ನೊಂದು ಗುಣ ನನ್ನನ್ನು ಬಹಳ ದಿನ ಹಿಡಿದಿಟ್ಟಿತ್ತು. 5 ಅವಿಭಾಜ್ಯ. 2⁵ − 1 = 31, ಅವಿಭಾಜ್ಯ. 2³¹ − 1, ಅವಿಭಾಜ್ಯ. ಹಾಗಾದರೆ 2ರ ಘಾತಾಂಕಕ್ಕೆ 2147483647ನ್ನೇ ಏರಿಸಿ ಒಂದು ಕಳೆದರೆ? ಬರೆಯಲು ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿ ಬೇಕಾಗುವ ಸಂಖ್ಯೆ ಅದು. ಅದು ಅವಿಭಾಜ್ಯವಲ್ಲ. ಅದರ ಒಂದು ಅಪವರ್ತನ 295257526626031. ನಾಲ್ಕನೇ ಹೆಜ್ಜೆಯ ನಿಯಮ ಇಲ್ಲೂ ನಿಲ್ಲುತ್ತದೆಯೇ ನೋಡಿ: ಒಂದು ಕಳೆದು 2147483647ರ ಎರಡರಷ್ಟರಿಂದ ಭಾಗಿಸಿದರೆ ಸರಿಯಾಗಿ 68745 ಬರುತ್ತದೆ. ಎಂಟರಿಂದ ಭಾಗಿಸಿದರೆ 7 ಉಳಿಯುತ್ತದೆ. ಎರಡು ಷರತ್ತೂ ಕೂದಲೆಳೆಯಷ್ಟೂ ತಪ್ಪಿಲ್ಲ.

ಇಷ್ಟು ಮಾಡಿದವರಿಗೆ ಮುಂದಿನ ಕೆಲಸ 2⁶¹ − 1, ಅಂದರೆ 2305843009213693951. 1883ರಲ್ಲಿ ಇವಾನ್ ಪೆರ್ವುಶಿನ್ ಎಂಬ ರಷ್ಯಾದ ಪಾದ್ರಿ ಅದನ್ನು ಅವಿಭಾಜ್ಯವೆಂದು ತೋರಿಸಿದಾಗ ಲೆಕ್ಕದ ಯಂತ್ರದ ನೆರವಿರಲಿಲ್ಲ. 59 ಹೆಜ್ಜೆ ಇವೆ. ಮೊದಲ ನಾಲ್ಕು ಪದ ನಿಮ್ಮ ನೋಟ್‌ಬುಕ್ಕಿನಲ್ಲಿ ಆಗಲೇ ಇವೆ. ಐದನೆಯದು 2005956546822746114, ಅದು ಇನ್ನೂ ಸಂಖ್ಯೆಯ ಒಳಗೇ ಇರುವುದರಿಂದ ಮಡಚುವ ಹಾಗಿಲ್ಲ. ಆರನೆಯದರಿಂದ 2⁶¹ಕ್ಕೆ ಮಡಚುತ್ತ ಹೋಗಿ, ಹೆಜ್ಜೆ ಹೆಜ್ಜೆಗೂ 9ರ ತಾಳೆ ನೋಡಿ.